ಬಾಟ್ಲಿ ಹಚ್ಚುವ ಮೊದಲು

ತಂಗೀ,

ದೇವದುರ್ಗಕ್ಕೆ ಹಾಕಿದ್ದಾರೆ ಎಂದು ನೀನು ಫೋನ್ ಮಾಡಿದ್ದು ಮೊನ್ನೆ ರಾತ್ರಿ. ಅರಿವಳಿಕೆ ವೈದ್ಯೆಯಾಗಿ ಕಡ್ಡಾಯ ಗ್ರಾಮೀಣ ಸೇವೆ, ಒಂದು ವರ್ಷ. ನಿನ್ನ ಜೋಡಿ ಓದಿದ ಹುಡುಗ ಮಾನ್ವಿಗೆ ಹೋಗುತ್ತಾನಂತೆ. ಇಬ್ಬರಿಗೂ ರಾಯಚೂರು ಐವತ್ತು ಕಿಲೋಮೀಟರಿನ ಆಸುಪಾಸು. ಹಗಲಲ್ಲಿ ಅದು ಬಸ್ಸಿನಲ್ಲಿ ಒಂದು ನಿದ್ದೆ. ರಾತ್ರಿ ಎರಡಕ್ಕೆ ಟೇಬಲ್ ಮೇಲಿನ ಬಾಣಂತಿ ದಮ್ಮು ಹತ್ತಿ ಕೆಮ್ಮತೊಡಗಿದಾಗ ಅದು ಬೇರೆಯೇ ದೂರ.

ಫೋನ್ ಇಡುವ ಮೊದಲು ಒಂದು ಮಾತು ಕೇಳಿದೆ: ‘ಸರ್, ಅಲ್ಲಿ ಸ್ಕ್ಯಾನ್ ಮಷೀನ್ ಇದ್ರ, ಆಪರೇಷನ್ ನಡದಾಗ ಎದಿ ಮ್ಯಾಲ ಇಟ್ಟು ನೋಡ್ಕೋತ ಬಾಟ್ಲಿ ಏರಿಸ್ಲೇನ್ರಿ?’ ನಾನು ‘ಹ್ಞೂಂ’ ಅಂದು ಇಟ್ಟುಬಿಟ್ಟೆ. ಆಮೇಲೆ ನಿದ್ದೆ ಬರಲಿಲ್ಲ. ಆ ಹ್ಞೂಂ ಒಳಗೆ ಹೇಳದೆ ಬಿಟ್ಟದ್ದು ಬಹಳ ಇತ್ತು. ರಿಟೈರ್ ಆದವನಿಗೆ ಪುರುಸೊತ್ತೂ ಬಹಳ. ಅದಕ್ಕೇ ಕೂತು ಬರೆಯುತ್ತಿದ್ದೇನೆ.

ನಮ್ಮ ಸೀಮೆಯಲ್ಲಿ ಬಾಟ್ಲಿ ಎಂದರೇನು ಎಂಬುದು ನಿನಗೆ ಗೊತ್ತೇ ಇದೆ. ಜ್ವರಕ್ಕೂ ಬಾಟ್ಲಿ, ಸಿಟ್ಟು ಮಾಡಿಕೊಂಡು ಉಣ್ಣದೆ ಮಲಗಿದ ಸೊಸೆಗೂ ಬಾಟ್ಲಿ. ‘ಎರಡು ಗುಲ್ಕೋಸ್ ಹಚ್ರಿ ಡಾಕ್ಟರ್ರ, ಮೈಯಾಗ ಶಕ್ತಿ ಬರ್ಲಿ’ ಎಂದು ಹೊಲ ಮಾರಿದ ದುಡ್ಡನ್ನು ಕೈಯಲ್ಲಿ ಹಿಡಿದು ನಿಂತವರನ್ನು ಕಂಡಿದ್ದೇನೆ. ಹಚ್ಚದ ಡಾಕ್ಟರು ನಮ್ಮ ಕಡೆ ಒಳ್ಳೆಯ ಡಾಕ್ಟರಲ್ಲ. ಅವರಿಗೆ ನಾವು ಬುದ್ಧಿ ಹೇಳುತ್ತೇವೆ. ಓಟಿಯ ಬಾಗಿಲು ಮುಚ್ಚಿದ ಮೇಲೆ ನಾವು ಮಾಡುವುದೂ ಅದನ್ನೇ. ಬಿಪಿ ಬಿತ್ತು, ಡ್ರಿಪ್ ಬಿಡು. ಮೂತ್ರ ಕಡಿಮೆಯಾಯಿತು, ಡ್ರಿಪ್ ಬಿಡು. ಸರ್ಜನ್ ‘ರಕ್ತ ಸ್ವಲ್ಪ ಜಾಸ್ತಿ ಹೋಯ್ತು’ ಎಂದು ಗೊಣಗಿದರು, ಎರಡೂ ಕೈಗೆ ಡ್ರಿಪ್ ಬಿಡು.

ನನ್ನ ಕೈ ಈ ರೂಢಿ ಬಿಟ್ಟದ್ದು ಒಂದು ರಾತ್ರಿಯಿಂದ. ಕೆಲಸಕ್ಕೆ ಸೇರಿ ಆಗ ಮೂರನೇ ವರ್ಷ. ಯಾವ ಆಸ್ಪತ್ರೆ ಎನ್ನುವುದು ಬೇಡ, ತಪ್ಪು ನನ್ನದು. ಇಪ್ಪತ್ತೆರಡರ ಆಸುಪಾಸಿನ ಹೆಣ್ಣುಮಗಳು, ಚೊಚ್ಚಲ ಬಸುರಿ. ಕಾಲು ಬಾತಿದ್ದವು, ಬಿಪಿ ಏರಿತ್ತು, ಕೆಳರೆಪ್ಪೆ ಎಳೆದು ನೋಡಿದರೆ ಕಾಗದದ ಬಿಳುಪು. ಸಿಜೇರಿಯನ್ನಿಗೆ ಬೆನ್ನಿಗೆ ಇಂಜೆಕ್ಷನ್ ಕೊಡುವ ಮೊದಲು, ಆಗಿನ ಪುಸ್ತಕಗಳು ಹೇಳುತ್ತಿದ್ದಂತೆ, ಎರಡು ಬಾಟ್ಲಿ ಏರಿಸಿದೆ. ಇಂಜೆಕ್ಷನ್ ಆದ ಮೇಲೆ ಬಿಪಿ ಬಿತ್ತು; ಮೂರನೆಯದು. ಮತ್ತೂ ಬಿತ್ತು, ನಾಲ್ಕನೆಯದು. ಕೂಸು ಅತ್ತಿತು, ನಾವೆಲ್ಲ ನಕ್ಕೆವು. ಹೊಲಿಗೆ ಮುಗಿಯುವಷ್ಟರಲ್ಲಿ ಆಕೆ ‘ದಮ್ಮು ಹತ್ತೈತ್ರಿ, ಎಬ್ಬಿಸಿ ಕೂಡಸ್ರಿ’ ಎಂದಳು. ‘ಅಂಜಬ್ಯಾಡವ್ವಾ’ ಎಂದೆ ನಾನು. ಅಂಜಿಕೆ ಅಂದುಕೊಂಡೆ, ನೋಡು. ಸ್ಟೆತಸ್ಕೋಪಿಗೆ ಗುಳುಗುಳು ಕೇಳುವ ಹೊತ್ತಿಗೆ ಬಾಯಿಂದ ಗುಲಾಬಿ ಬಣ್ಣದ ನೊರೆ ಬರತೊಡಗಿತ್ತು. ಗಂಟಲಿಗೆ ಟ್ಯೂಬ್ ಹಾಕಿ, ಫ್ರೂಸೆಮೈಡ್ ಕೊಟ್ಟು, ಬೆಳಗು ಹರಿಯುವ ತನಕ ಕೈಯಿಂದಲೇ ಚೀಲ ಒತ್ತಿದೆ. ಬದುಕಿದಳು.

ಏನಾಗಿತ್ತು ಎಂಬುದು ಈಗ ನಿನಗೆ ಪಾಠದಷ್ಟು ಸುಲಭ. ಬಸುರಿಯಲ್ಲಿ ಬಿಪಿ ಏರುವ ಆ ಬೇನೆಯಲ್ಲಿ ರಕ್ತನಾಳಗಳ ಗೋಡೆ ಸೋರುತ್ತದೆ. ರಕ್ತಹೀನತೆಯಿಂದ ಹೃದಯ ಮೊದಲೇ ಓಡುತ್ತಿರುತ್ತದೆ. ಕೂಸು ಹೊರಬಂದ ಮೇಲೆ ಗರ್ಭಕೋಶ ಮುದುಡಿಕೊಂಡು ತನ್ನೊಳಗಿದ್ದ ರಕ್ತವನ್ನು ಮೈಗೆ ತಳ್ಳುತ್ತದೆ. ಬೆನ್ನಿನ ಇಂಜೆಕ್ಷನ್ನಿನ ಪ್ರಭಾವ ಇಳಿದಂತೆ, ಸಡಿಲಗೊಂಡಿದ್ದ ನಾಳಗಳು ಮತ್ತೆ ಬಿಗಿಯಾಗುತ್ತವೆ. ನಾನು ಏರಿಸಿದ ಎರಡು ಲೀಟರಿಗೆ ಆಗ ಉಳಿದ ಜಾಗ ಶ್ವಾಸಕೋಶ ಒಂದೇ. ಬಿಪಿ ಬಿದ್ದದ್ದು ನೀರಿನ ಕೊರತೆಯಿಂದಲ್ಲ, ನಾಳಗಳು ಸಡಿಲಾದದ್ದರಿಂದ. ಸಡಿಲಾದದ್ದನ್ನು ಬಿಗಿ ಮಾಡುವ ಔಷಧ ಪಕ್ಕದ ಟ್ರೇಯಲ್ಲೇ ಇತ್ತು.

ಮರುದಿನ ಆಕೆಯ ಅಪ್ಪ ವರಾಂಡದಲ್ಲಿ ಸಿಕ್ಕ. ಮಾನ್ವಿ ಕಡೆಯ ಭತ್ತದ ರೈತ. ‘ಏನಾಗಿತ್ರಿ ನಮ್ಮ ಹುಡುಗಿಗೆ?’ ಎಂದ. ‘ಪುಪ್ಪುಸದಾಗ ನೀರು ತುಂಬಿತ್ತು’ ಎಂದೆ. ಆತ ಸ್ವಲ್ಪ ಹೊತ್ತು ಸುಮ್ಮನಿದ್ದು, ‘ಜವಳು ಹಿಡದಂಗಾತು ಅನ್ರಿ’ ಎಂದ. ನೀರು ಬಿಟ್ಟವರು ಯಾರು ಎಂದು ಕೇಳಲಿಲ್ಲ.

ಓದಿದ ಎಲ್ಲ ಪುಸ್ತಕಕ್ಕಿಂತ ಆ ಮಾತು ನನಗೆ ಹೆಚ್ಚು ಕಲಿಸಿತು. ನೀನು ರಾಯಚೂರು ಪೇಟೆಯಲ್ಲಿ ಬೆಳೆದವಳು, ಸವಳು-ಜವಳು ಕೇಳಿರುತ್ತೀ, ತುಳಿದಿರಲಿಕ್ಕಿಲ್ಲ. ತುಂಗಭದ್ರೆಗೆ ಆಣೆಕಟ್ಟೆಯಾಗಿ 1953ರಲ್ಲಿ ನೀರು ಹರಿಯಿತು. ಎಡದಂಡೆ ಕಾಲುವೆಯ ಸೀಮೆಯಲ್ಲಿ ಯೋಜನೆ ಇದ್ದದ್ದು ಬಹುಪಾಲು ಜೋಳ, ಹತ್ತಿಯಂಥ ಅರೆನೀರಾವರಿ ಬೆಳೆಗೆ. ಬೆಳೆದದ್ದು ಭತ್ತ. ಎರೆ ಭೂಮಿ ನೀರು ಕುಡಿಯುತ್ತದೆ, ಬಿಟ್ಟುಕೊಡುವುದಿಲ್ಲ. ಮೇಲ್ಭಾಗದ ಹೊಲಗಳಲ್ಲಿ ನೀರು ನಿಂತು ಜವಳಾಯಿತು, ಆಮೇಲೆ ಉಪ್ಪೆದ್ದು ಸವಳಾಯಿತು. ಅದೇ ಕಾಲುವೆಯ ಕೊನೆ ಭಾಗದಲ್ಲಿ ಮಾನ್ವಿ, ರಾಯಚೂರಿನ ರೈತರು ನೀರಿಗಾಗಿ ರಸ್ತೆ ಮೇಲೆ ಕೂಡುತ್ತಾರೆ. ನನ್ನ ಟೇಬಲ್ ಮೇಲೆ ಮಲಗಿದ್ದ ಹೆಣ್ಣುಮಗಳ ಮೈಯಲ್ಲಿ ನಡೆದದ್ದು ಇದೇ. ರಕ್ತನಾಳದಲ್ಲಿ ಬರ, ಕಿಡ್ನಿಗೆ ಬಾಯಾರಿಕೆ, ಶ್ವಾಸಕೋಶದಲ್ಲಿ ಜವಳು. ಹೆಚ್ಚು ನೀರು ಬಿಟ್ಟರೆ ಜವಳಿನ ಹೊಲಕ್ಕೇ ಸೇರುತ್ತದೆ, ಕೊನೆ ಭಾಗಕ್ಕೆ ಮುಟ್ಟುವುದಿಲ್ಲ.

ರೈತ ಮಾತ್ರ ಬಿಳಿ ಉಪ್ಪು ಏಳುವ ತನಕ ಕಾಯುವುದಿಲ್ಲ. ಬದುವಿನಿಂದ ಇಳಿದು ಹೆಜ್ಜೆ ಇಟ್ಟಾಗ ಹಿಮ್ಮಡಿ ಎಷ್ಟು ಹುಗಿಯುತ್ತದೆ ಎನ್ನುವುದರಲ್ಲೇ ಅವನಿಗೆ ಗೊತ್ತಾಗುತ್ತದೆ. ನಾನು ಕೇಳಿದ ಗುಳುಗುಳು, ಕಂಡ ನೊರೆ, ಅವು ಬಿಳಿ ಉಪ್ಪು. ಗಾಳಿಚೀಲಗಳ ಒಳಕ್ಕೆ ನೀರು ಬರುವ ಮೊದಲು ಅವುಗಳ ನಡುವಿನ ತೆಳು ಗೋಡೆಗಳು ನೆನೆದು ಊದುತ್ತವೆ. ಆ ಹಂತದಲ್ಲಿ ಆಕ್ಸಿಮೀಟರ್ ತೊಂಬತ್ತೆಂಟನ್ನೇ ತೋರಿಸುತ್ತಿರುತ್ತದೆ, ಸ್ಟೆತಸ್ಕೋಪಿಗೆ ಏನೂ ಕೇಳುವುದಿಲ್ಲ. ಹಿಮ್ಮಡಿಯ ಕೆಲಸ ಮಾಡುವುದು ನೀನು ಕೇಳಿದ ಆ ಸ್ಕ್ಯಾನ್ ಮಷೀನಿನ ಪ್ರೋಬ್.

ಇದರ ಕತೆ ಸೊಗಸಾಗಿದೆ, ಸ್ವಲ್ಪ ಹೇಳಲೇಬೇಕು. ಎದೆ ಬಡಿದು ಒಳಗಿನ ನೀರು ಗುರುತಿಸುವುದನ್ನು 1761ರಲ್ಲಿ ವಿಯೆನ್ನಾದ ಔನ್‌ಬ್ರುಗ್ಗರ್ ಬರೆದಿಟ್ಟ. ಅವನಪ್ಪ ವಸತಿಗೃಹ ನಡೆಸುತ್ತಿದ್ದವನು. ಪೀಪಾಯಿ ಬಡಿದು ಮದ್ಯ ಎಲ್ಲಿಯತನಕ ಇದೆ ಎಂದು ಕಂಡುಕೊಳ್ಳುವುದನ್ನು ಮಗ ಅಲ್ಲಿ ಕಲಿತ ಎನ್ನುತ್ತಾರೆ. ನಾವು ಸಂತೆಯಲ್ಲಿ ಕಲ್ಲಂಗಡಿ ಬಡಿಯುವುದಿಲ್ಲವೇ, ಹಾಗೆ. 1816ರಲ್ಲಿ ಲೆನೆಕ್ ಕಾಗದದ ಸುರುಳಿ ಎದೆಗಿಟ್ಟು ಕೇಳಿದ. ಅಲ್ಟ್ರಾಸೌಂಡ್ ಬಂದಾಗ ಮಾತ್ರ ದೊಡ್ಡ ಪುಸ್ತಕಗಳೆಲ್ಲ ಶ್ವಾಸಕೋಶವನ್ನು ಕೈಬಿಟ್ಟವು. ಶಬ್ದ ಗಾಳಿಯೊಳಗೆ ಹೋಗುವುದಿಲ್ಲ, ಅಲ್ಲಿ ಕಾಣುವುದೆಲ್ಲ ಸುಳ್ಳು ಗೆರೆಗಳು ಎಂದರು. ಪ್ಯಾರಿಸ್ ಪಕ್ಕದ ಆಸ್ಪತ್ರೆಯೊಂದರ ಐಸಿಯುನಲ್ಲಿದ್ದ ಡೇನಿಯಲ್ ಲಿಶ್ಟೆನ್‌ಸ್ಟೈನ್ ಆ ಸುಳ್ಳುಗಳನ್ನೇ ವರ್ಷಗಟ್ಟಲೆ ಕೂತು ಓದಿದ. 2008ರಲ್ಲಿ ಪ್ರಕಟವಾದ ಅವನ ‘ಬ್ಲೂ’ ಪದ್ಧತಿ ಈಗ ನಿಮ್ಮ ಸಿಲಬಸ್ಸಿನಲ್ಲಿದೆ.

ಗಾಳಿ ತುಂಬಿದ ಶ್ವಾಸಕೋಶ ಕನ್ನಡಿಯಂತೆ ಶಬ್ದವನ್ನು ವಾಪಸ್ ಎಸೆಯುತ್ತದೆ. ಅದು ಪ್ರೋಬಿಗೆ ಬಡಿದು ಮತ್ತೆ ಹೋಗುತ್ತದೆ, ಮತ್ತೆ ಬರುತ್ತದೆ. ಚರ್ಮದಿಂದ ಶ್ವಾಸಕೋಶದ ಪೊರೆಗೆ ಎಷ್ಟು ಅಂತರವೋ ಅಷ್ಟಷ್ಟೇ ಅಂತರದಲ್ಲಿ ತೆರೆಯ ಮೇಲೆ ಅಡ್ಡಗೆರೆಗಳು ಬೀಳುತ್ತವೆ, ಹಳೇ ಭಾವಿಯ ಮೆಟ್ಟಿಲಿನಂತೆ. ಅವು ಎ ಗೆರೆ. ಗೋಡೆಗಳು ನೆನೆದಾಗ ಪೊರೆಯಿಂದಲೇ ಹುಟ್ಟಿ ಉದ್ದಕ್ಕೆ ಇಳಿಯುವ ಬೆಳಕಿನ ಪಟ್ಟಿಗಳು ಕಾಣುತ್ತವೆ. ತಗಡಿನ ಶೆಡ್ಡಿನ ತೂತಿನಿಂದ ಧೂಳಿನೊಳಗೆ ಇಳಿಯುವ ಬಿಸಿಲುಕೋಲು ನೋಡಿದ್ದೀಯಲ್ಲ, ಥೇಟ್ ಅದೇ. ತೆರೆಯ ತಳದವರೆಗೆ ಮಾಸದೆ ಇಳಿದು, ಉಸಿರಿನ ಜೊತೆ ಆಚೀಚೆ ಆಡುತ್ತ, ದಾರಿಯಲ್ಲಿ ಸಿಕ್ಕ ಮೆಟ್ಟಿಲುಗಳನ್ನು ಅಳಿಸುತ್ತವೆ. ಅವು ಬಿ ಗೆರೆ. ಒಂದೆರಡು ಇದ್ದರೆ ತಲೆ ಕೆಡಿಸಿಕೊಳ್ಳಬೇಡ. ಪಕ್ಕೆಲುಬಿನ ಒಂದೇ ಸಂದಿನಲ್ಲಿ ಮೂರು ಅಥವಾ ಹೆಚ್ಚು, ಎರಡೂ ಕಡೆ ಒಂದಕ್ಕಿಂತ ಹೆಚ್ಚು ಜಾಗದಲ್ಲಿ ಕಂಡವೋ, ಡ್ರಿಪ್ಪಿನ ಮೇಲೆ ಕೈ ಹೋಗಲಿ.

ಈಗ ಆ ‘ಹ್ಞೂಂ’ ಒಳಗೆ ಉಳಿದದ್ದು. ಈ ಮಷೀನ್ ‘ನಿಲ್ಲಿಸು’ ಎಂದು ಹೇಳಬಲ್ಲದು. ‘ಕೊಡು’ ಎಂದು ಹೇಳಲಾರದು. ಇದನ್ನು ತಿರುವುಮುರುವು ಮಾಡಿಕೊಂಡ ಜಾಣರನ್ನು ನಾನು ಕಂಡಿದ್ದೇನೆ. ಎ ಗೆರೆ ಕಂಡಿತು, ಶ್ವಾಸಕೋಶ ಒಣಗಿದೆ, ಬಿಡು ಇನ್ನೊಂದು ಬಾಟ್ಲಿ ಎನ್ನುತ್ತಾರೆ. ರೊಟ್ಟಿ ಉಂಡು, ಮಜ್ಜಿಗೆ ಕುಡಿದು ಕುಂತ ನನ್ನ ಎದೆಯಲ್ಲೂ ಎ ಗೆರೆಯೇ ಇವೆ. ನನಗೂ ಹಚ್ಚುತ್ತೀಯೇನು? ಎ ಗೆರೆ ಎಂದರೆ ಶ್ವಾಸಕೋಶದಲ್ಲಿ ಇನ್ನೂ ಜಾಗ ಇದೆ ಎಂದಷ್ಟೇ. ಮೈಗೆ ನೀರು ಬೇಕೋ ಬೇಡವೋ ಎಂಬ ಪ್ರಶ್ನೆಗೆ ಉತ್ತರ ಬೇರೆ ಕಡೆ ಹುಡುಕಬೇಕು. ರೋಗಿಯ ಕತೆಯಲ್ಲಿ, ನಾಲಗೆಯಲ್ಲಿ, ನಾಡಿಯಲ್ಲಿ. ಕಾಲು ಎತ್ತಿ ಹಿಡಿದು ಬಿಪಿ ನೋಡು. ಕಾಲಲ್ಲಿದ್ದ ರಕ್ತ ಹೃದಯಕ್ಕೆ ಬರುತ್ತದೆ, ಖರ್ಚಿಲ್ಲದ ಬಾಟ್ಲಿ ಅದು, ಬೇಡವೆಂದರೆ ಕಾಲು ಇಳಿಸಿದರಾಯಿತು. ಏರಿಸಲೇಬೇಕೆಂದರೆ ನೂರು, ಇನ್ನೂರು ಎಂಎಲ್ ಕೊಟ್ಟು ನೋಡು. ಅಷ್ಟಕ್ಕೆ ಬಿಪಿ ಒಂಚೂರೂ ಅಲುಗದಿದ್ದರೆ ಲೀಟರಿಗೂ ಅಲುಗುವ ನಂಬಿಕೆ ಇಡಬೇಡ. ಪ್ರತಿ ಸಲ ಬಿಡುವ ಮೊದಲು, ಬಿಟ್ಟ ಮೇಲೆ, ಎದೆ ಮೇಲೆ ಪ್ರೋಬ್.

ಮೂತ್ರದ ವಿಷಯ ಒಂದು ಮಾತು. ಆಪರೇಷನ್ ಹೊತ್ತಿನಲ್ಲಿ ಮೈ ತಾನಾಗಿಯೇ ನೀರು ಹಿಡಿದಿಟ್ಟುಕೊಳ್ಳುತ್ತದೆ, ಹಾರ್ಮೋನುಗಳ ಕೆಲಸ. ಮೂತ್ರದ ಚೀಲ ನೋಡಿ ನೋಡಿ ಬಾಟ್ಲಿ ಏರಿಸುವ ಚಟ ಬೇಡ.

ಹಾಗಂತ ಕೈ ಬಿಗಿ ಹಿಡಿಯುವುದೇ ಧರ್ಮ ಎಂದುಕೊಂಡೀಯ. ನೀನು ಹೋಗುತ್ತಿರುವುದು ದೇವದುರ್ಗಕ್ಕೆ. ಮೇ ತಿಂಗಳಲ್ಲಿ ತಾಂಡಾದ ಮನುಷ್ಯ ಹರ್ನಿಯಾ ಆಪರೇಷನ್ನಿಗೆ ಬರುತ್ತಾನೆ. ‘ರಾತ್ರಿಯಿಂದ ಏನೂ ತಿನ್ನಬ್ಯಾಡ’ ಎಂದು ನರ್ಸ್ ಹೇಳಿದ್ದನ್ನು ಆತ ಗುಟುಕು ನೀರೂ ಮುಟ್ಟದೆ ಪಾಲಿಸಿರುತ್ತಾನೆ. ನಸುಕಿನಲ್ಲಿ ಎದ್ದು, ಟಂಟಂ ಹಿಡಿದು, ಬಸ್ಸಿಗೆ ನಿಂತು, ನಮ್ಮ ನಲವತ್ತೆರಡು ಡಿಗ್ರಿ ಬಿಸಿಲಲ್ಲಿ ಸರದಿ ಕಾದು, ಹನ್ನೆರಡಕ್ಕೆ ನಿನ್ನ ಮುಂದೆ ಮಲಗುತ್ತಾನೆ. ಅವನು ನಿಜಕ್ಕೂ ಒಣಗಿದ್ದಾನೆ. ಅವನಿಗೆ ಕೊಡು, ಧಾರಾಳ ಕೊಡು. ಅದಕ್ಕಿಂತ ಮೊದಲು ವಾರ್ಡಿನಲ್ಲಿ ಹೇಳಿಡು: ಆಪರೇಷನ್ನಿಗೆ ಎರಡು ತಾಸು ಇರುವ ತನಕ ತಿಳಿನೀರು ಕುಡಿಯಬಹುದು. ಈ ನಿಯಮ ಬಂದು ವರ್ಷಗಳಾದವು, ನಮ್ಮ ವಾರ್ಡುಗಳಿಗೆ ಇನ್ನೂ ಬಂದಿಲ್ಲ. ಮೂರು ದಿನ ಊರಲ್ಲೇ ನಾಟಿ ಔಷಧ ಮಾಡಿ, ಕರುಳು ತೂತಾಗಿ, ಹೊಟ್ಟೆ ಹಲಗೆಯಂತಾದ ಮೇಲೆ ಬರುವವನದು ಇನ್ನೊಂದು ಕತೆ. ಅವನಿಗೂ ನೀರು ಬೇಕು, ಬೇಗ ಬೇಕು. ಲಿಶ್ಟೆನ್‌ಸ್ಟೈನ್‌ನ ‘ಫಾಲ್ಸ್’ ಪದ್ಧತಿ ಹುಟ್ಟಿದ್ದು ಇಂಥವರಿಗಾಗಿ: ಎ ಗೆರೆ ಇರುವ ತನಕ ಕೊಡುತ್ತ ಹೋಗು, ಬಿ ಗೆರೆ ಹುಟ್ಟಿದಲ್ಲಿಗೆ ನಿಲ್ಲಿಸು. ನಾನು ಅದಕ್ಕಿಂತ ತುಸು ಮೊದಲೇ ನಿಲ್ಲಿಸಿ, ನಾಳ ಬಿಗಿ ಮಾಡುವ ನಾರ್‌ಅಡ್ರಿನಲಿನ್ ಹಚ್ಚುವವನು. ಬಿ ಗೆರೆ ಹುಟ್ಟಿಸಿಯೇ ತಿಳಿಯಬೇಕಾದ ಹಟ ನನಗಿಲ್ಲ.

ಪರೀಕ್ಷೆಗೆ ಓದಿದ್ದನ್ನು ಮತ್ತೊಮ್ಮೆ ನೆನಪಿಸುತ್ತೇನೆ, ಈ ಸಲ ನಮ್ಮ ಸೀಮೆಯ ಕಣ್ಣಿನಿಂದ ನೋಡು. 2003ರಲ್ಲಿ ಡೆನ್ಮಾರ್ಕಿನವರು ಕರುಳಿನ ಆಪರೇಷನ್ನಿಗೆ ಕಡಿಮೆ ನೀರು ಕೊಟ್ಟು ತೊಡಕುಗಳು ಇಳಿದದ್ದು ತೋರಿಸಿದರು. ಎಲ್ಲರೂ ಬಿಗಿ ಹಿಡಿಯತೊಡಗಿದರು. 2018ರಲ್ಲಿ ‘ರಿಲೀಫ್’ ಎಂಬ ದೊಡ್ಡ ಅಧ್ಯಯನ, ಸುಮಾರು 3000 ರೋಗಿಗಳದು, ಹೊಟ್ಟೆಯ ದೊಡ್ಡ ಆಪರೇಷನ್ನುಗಳಲ್ಲಿ ಅತಿಯಾಗಿ ಬಿಗಿ ಹಿಡಿದವರ ಗುಂಪಿನಲ್ಲಿ ಕಿಡ್ನಿಗೆ ಪೆಟ್ಟು ಹೆಚ್ಚು ಎಂದು ತೋರಿಸಿತು: ನೂರಕ್ಕೆ 8.6, ಇನ್ನೊಂದು ಗುಂಪಿನಲ್ಲಿ 5. ಇವು ಐಸಿಯು ಇರುವ ಊರುಗಳ ಮಾತು. ನಮ್ಮಂಥ ಕಡೆಯ ಮಾತು ಆಫ್ರಿಕಾದಿಂದ ಬಂತು. 2011ರಲ್ಲಿ ಉಗಾಂಡಾ, ಕೀನ್ಯಾ, ಟಾಂಜಾನಿಯಾಗಳಲ್ಲಿ ಜ್ವರ ಬಂದು ರಕ್ತಸಂಚಾರ ಕುಂದಿದ್ದ 3141 ಮಕ್ಕಳ ಮೇಲೆ ‘ಫೀಸ್ಟ್’ ಅಧ್ಯಯನ ನಡೆಯಿತು. ಒಮ್ಮೆಲೇ ನೀರು ಏರಿಸಿದ ಗುಂಪುಗಳಲ್ಲಿ ಎರಡು ದಿನದೊಳಗೆ ಸತ್ತವರು ನೂರಕ್ಕೆ ಹತ್ತೂವರೆ, ಏರಿಸದ ಗುಂಪಿನಲ್ಲಿ 7.3. ವಾಂತಿಭೇದಿಯ ಮಕ್ಕಳು ಅದರಲ್ಲಿ ಇರಲಿಲ್ಲ, ಅವರಿಗೆ ನೀರೇ ಜೀವ. 2017ರಲ್ಲಿ ಜಾಂಬಿಯಾದಲ್ಲಿ ನಂಜೇರಿ ಬಿಪಿ ಬಿದ್ದ ದೊಡ್ಡವರಿಗೆ ಪದ್ಧತಿ ಪ್ರಕಾರ ಹೆಚ್ಚು ನೀರು ಕೊಟ್ಟಾಗ ನೂರಕ್ಕೆ 48 ಮಂದಿ ಸತ್ತರು, ಮಾಮೂಲಿ ಉಪಚಾರದಲ್ಲಿ 33. ವೆಂಟಿಲೇಟರ್ ಸಿಗದ ಊರಲ್ಲಿ ಶ್ವಾಸಕೋಶಕ್ಕೆ ನೀರು ನುಗ್ಗಿದರೆ ವಾಪಸ್ ಕರೆಯುವವರು ಯಾರು? ದೇವದುರ್ಗ, ಮಾನ್ವಿಯಲ್ಲಿ ಕೂತು ಓದಬೇಕಾದ್ದು ಈ ಕೊನೆಯ ಎರಡನ್ನು.

ನೋಡುವ ಕ್ರಮ. ಬಾಟ್ಲಿ ಹಚ್ಚುವ ಮೊದಲು, ಬೆನ್ನಿಗೆ ಸೂಜಿ ಹಾಕುವ ಮೊದಲು, ಒಂದು ಸಲ ನೋಡಿಬಿಡು. ಎರಡೂ ಕಡೆ ಮುಂದೆ ಮೇಲೊಂದು, ಕೆಳಗೊಂದು, ಆಮೇಲೆ ಪಕ್ಕೆ. ಎರಡು ನಿಮಿಷದ ಕೆಲಸ. ಈ ಮೊದಲ ನೋಟ ಇಲ್ಲದಿದ್ದರೆ ಮುಂದಿನದೆಲ್ಲ ವ್ಯರ್ಥ. ಯಾಕೆಂದರೆ ಬಿ ಗೆರೆ ಎಲ್ಲವೂ ನೀರಲ್ಲ. ಹಟ್ಟಿ ಚಿನ್ನದ ಗಣಿಯೊಳಗೆ ವರ್ಷಗಟ್ಟಲೆ ಕಲ್ಲಿನ ಧೂಳು ಕುಡಿದವರು, ಹಳೇ ಟಿಬಿಯವರು, ನ್ಯುಮೋನಿಯಾ ಆದವರು ನಿನ್ನ ಬಳಿ ಬರುತ್ತಾರೆ. ಅವರ ಎದೆಯಲ್ಲಿ ಗಾಯದ ಕಲೆಯೇ ಬಿಸಿಲುಕೋಲಾಗಿ ಕಾಣಬಹುದು. ಅಂಥ ಕಡೆ ಪೊರೆಯ ಗೆರೆ ಹರಕು ಅಂಚಿನಂತೆ ಒರಟಾಗಿರುತ್ತದೆ, ಬಿ ಗೆರೆ ಒಂದು ಕಡೆ ಇದ್ದು ಇನ್ನೊಂದು ಕಡೆ ಇಲ್ಲದಿರಬಹುದು. ನೀರಿನದಾದರೆ ಪೊರೆ ನುಣುಪು, ಎರಡೂ ಕಡೆ ಸರಿಸುಮಾರು ಒಂದೇ. ಮೊದಲು ನೋಡದೆ ನಡುವೆ ನೋಡಿದರೆ, ಹತ್ತು ವರ್ಷದ ಹಳೇ ಕಲೆಯನ್ನು ಇವತ್ತಿನ ಬಾಟ್ಲಿಯ ತಪ್ಪೆಂದು ತಿಳಿದು, ರಕ್ತ ಸೋರುತ್ತಿರುವವನಿಗೆ ನೀರು ನಿಲ್ಲಿಸಿಬಿಡುತ್ತೀ. ಅದೂ ಕೊಲೆಯೇ.

ಬಟ್ಟೆ ಹೊದಿಸಿದ ಮೇಲೆ ನಿನಗೆ ಸಿಗುವುದು ಕೊರಳೆಲುಬಿನ ಕೆಳಗಿನ ಗೇಣುದ್ದ ಜಾಗ. ಸಾಕು. ಸ್ಟೆರೈಲ್ ಗ್ಲೌಸಿನೊಳಗೆ ಜೆಲ್ ಹಾಕಿ ಪ್ರೋಬ್ ತೂರಿಸು, ಸರ್ಜನ್ನಿಗೆ ಮೊದಲೇ ಹೇಳಿ ಕೈ ಹಾಕು. ಅವರ ಸಿಟ್ಟು ನಿನಗೆ ಗೊತ್ತು. ಪೂರ್ತಿ ಅರಿವಳಿಕೆ ಕೊಟ್ಟವರಲ್ಲಿ ಬೆನ್ನ ಕಡೆಯ ಶ್ವಾಸಕೋಶ ನಿಮಿಷಗಳಲ್ಲೇ ಕುಸಿಯುತ್ತದೆ. ಪಕ್ಕೆಯಲ್ಲಿ, ಹಿಂದೆ ಕಾಣುವ ಬಿ ಗೆರೆ ಆ ಕುಸಿತದ್ದಿರಬಹುದು. ಚೀಲ ಒತ್ತಿ ನಾಲ್ಕು ದೊಡ್ಡ ಉಸಿರು ಕೊಟ್ಟ ಮೇಲೆ ಮಾಯವಾದರೆ ಅದು ನೀರಲ್ಲ. ಆದ್ದರಿಂದ ಮುಂಭಾಗವನ್ನೇ ನಂಬು. ದೂರಬೀನಿನ ಆಪರೇಷನ್ನಿನಲ್ಲಿ ಹೊಟ್ಟೆಗೆ ಗಾಳಿ ತುಂಬುತ್ತಾರೆ, ಎಲ್ಲವೂ ಮೇಲಕ್ಕೆ ಸರಿದಿರುತ್ತದೆ, ಅದನ್ನೂ ಲೆಕ್ಕ ಇಡು. ಮೂತ್ರದ ದಾರಿಯಿಂದ ಪ್ರಾಸ್ಟೇಟ್ ಕೆರೆಯುವಾಗ ನಿನ್ನ ಡ್ರಿಪ್ ನಿಂತಿದ್ದರೂ ತೊಳೆಯುವ ನೀರು ರಕ್ತಕ್ಕೆ ಸೇರುತ್ತಿರುತ್ತದೆ. ಮುದುಕ ಮಾತು ತೊದಲುವ ಮೊದಲು ಪ್ರೋಬ್ ಅದನ್ನು ಹೇಳಬಹುದು.

ಸಿಜೇರಿಯನ್ನಿನಲ್ಲಿ ತಾಯಿ ಎಚ್ಚರ ಇರುತ್ತಾಳೆ. ಎದೆ ಮೇಲೆ ಪ್ರೋಬ್ ಇಟ್ಟಾಗ ಯಾಕೆ ಎಂದು ಹೇಳು. ಬಿಪಿ ಬಿದ್ದರೆ ಬಲ ಸೊಂಟದ ಕೆಳಗೆ ಸುತ್ತಿದ ಬಟ್ಟೆ ಇಟ್ಟು ಎಡಕ್ಕೆ ವಾಲಿಸು, ಫಿನೈಲೆಫ್ರಿನ್ ಕೊಡು, ಇಲ್ಲದಿದ್ದರೆ ನಮ್ಮ ಕಪಾಟಿನ ಮೆಫೆಂಟರ್ಮಿನ್. ಬಾಟ್ಲಿ ಕೊನೆಗೆ. ‘ದಮ್ಮು ಹತ್ತೈತಿ’ ಎಂದಳೋ, ಅಂಜಬ್ಯಾಡ ಎನ್ನಬೇಡ. ಪ್ರೋಬ್ ತೊಗೋ.

ಬಾಟ್ಲಿಯನ್ನೂ ಕಣ್ಣಿಟ್ಟು ನೋಡು. 2024ರ ನವೆಂಬರಿನಲ್ಲಿ ಬಳ್ಳಾರಿಯಲ್ಲಿ ಸಿಜೇರಿಯನ್ ಆದ ಬಾಣಂತಿಯರು ಒಬ್ಬರ ಹಿಂದೊಬ್ಬರು ಸತ್ತಾಗ ಸಂಶಯ ಬಿದ್ದದ್ದು ರಿಂಗರ್ ಲ್ಯಾಕ್ಟೇಟ್ ಮೇಲೆ, ಸರ್ಕಾರ ಆ ಕಂಪನಿಯ ದ್ರಾವಣದ ಬಳಕೆ ನಿಲ್ಲಿಸಿತು. ಬ್ಯಾಚ್ ನಂಬರ್ ಕೇಸ್‌ಶೀಟಿನಲ್ಲಿ ಬರೆಯುವ ರೂಢಿ ಮಾಡಿಕೋ. ನಾನು ಮಾಡಿಕೊಂಡಿರಲಿಲ್ಲ.

ಕಾನೂನಿನ ಮಾತೊಂದು, ನೀನು ಉತ್ಸಾಹದಲ್ಲಿ ಎಡವಬಾರದು. ಸ್ಕ್ಯಾನ್ ಮಷೀನ್ ನಮ್ಮ ದೇಶದಲ್ಲಿ ಸ್ಟೆತಸ್ಕೋಪಿನಂತೆ ಕೊರಳಿಗೆ ಹಾಕಿಕೊಂಡು ತಿರುಗುವ ವಸ್ತುವಲ್ಲ. ಹೆಣ್ಣು ಭ್ರೂಣ ಹುಡುಕಿ ಕೊಲ್ಲುವವರಿಂದಾಗಿ 1994ರ ಕಾಯ್ದೆ ಬಂತು. ಪ್ರತಿ ಮಷೀನೂ ನೋಂದಣಿಯಾಗಬೇಕು. ಕೈಯಲ್ಲಿ ಒಯ್ಯುವ ಮಷೀನಿಗೆ 2012ರಿಂದ ಇನ್ನೂ ಬಿಗಿ: ನೋಂದಾಯಿಸಿದ ಆವರಣದೊಳಗಿನ ಒಳರೋಗಿಗಳಿಗೆ ಅಥವಾ ಸಂಚಾರಿ ಆಸ್ಪತ್ರೆಯ ಭಾಗವಾಗಿ ಮಾತ್ರ. ಆದ್ದರಿಂದ ಗೆಳೆಯನ ಕ್ಲಿನಿಕ್ಕಿನಿಂದ ಒಂದು ರಾತ್ರಿಗೆ ಎಂದು ತರಬೇಡ, ಮಾನ್ವಿಯ ಹುಡುಗನ ಜೊತೆ ಅದಲುಬದಲು ಮಾಡಿಕೊಳ್ಳಬೇಡ. ಅಲ್ಲಿಗೆ ಹೋದ ಮೊದಲ ವಾರದಲ್ಲೇ ಮುಖ್ಯ ವೈದ್ಯಾಧಿಕಾರಿಯನ್ನು ಕಂಡು, ಆಸ್ಪತ್ರೆಯ ಮಷೀನಿನ ನೋಂದಣಿಯಲ್ಲಿ ಓಟಿ ಬಳಕೆಯೂ ನಿನ್ನ ಹೆಸರೂ ಸೇರಬೇಕೇ ಎಂದು ಜಿಲ್ಲಾ ಪ್ರಾಧಿಕಾರಕ್ಕೆ ಕಾಗದ ಹಾಕಿಸು. ಬಸುರಿಯ ಮೈಗೆ ಪ್ರೋಬ್ ಮುಟ್ಟಿಸಿದರೆ ದಾಖಲೆಯ ವಿಷಯದಲ್ಲಿ ಎರಡರಷ್ಟು ಎಚ್ಚರ. ಈ ಕಾಯ್ದೆಗೆ ಬೈಯುವವರು ನಮ್ಮಲ್ಲಿ ಬಹಳ. ನಾನು ಬೈಯಲಾರೆ. ಹೆಣ್ಣುಮಕ್ಕಳ ಲೆಕ್ಕ ತಪ್ಪಿಸಿದ್ದು ನಮ್ಮದೇ ಜನ, ನಮ್ಮದೇ ವೃತ್ತಿ.

ಕಲಿಯುವುದೆಲ್ಲಿ? ಓಟಿಯಲ್ಲಿ ಬೇಡ. ತಾಲೂಕು ಆಸ್ಪತ್ರೆಗಳಲ್ಲಿ ಈಗ ಡಯಾಲಿಸಿಸ್ ಘಟಕಗಳು ಬಂದಿವೆ. ಅಲ್ಲಿ ಹೋಗಿ ಕೂಡು. ಎರಡು ದಿನದ ನೀರು ಮೈಯಲ್ಲಿ ತುಂಬಿಕೊಂಡು ಬಂದವರನ್ನು ಕೇಳಿ, ಅವರು ಒಪ್ಪಿದರೆ, ಶುರುವಾಗುವ ಮೊದಲು ಎದೆ ನೋಡು. ನಾಲ್ಕು ತಾಸಿನ ಮೇಲೆ ಮತ್ತೆ ನೋಡು. ಬಿಸಿಲುಕೋಲುಗಳು ಒಂದೊಂದೇ ಆರಿ ಮೆಟ್ಟಿಲು ಮರಳುವುದನ್ನು ಒಮ್ಮೆ ಕಣ್ಣಾರೆ ಕಂಡರೆ ನನ್ನ ಈ ಕಾಗದ ಬೇಕಾಗುವುದಿಲ್ಲ. ಅಲ್ಲೇ ಇನ್ನೊಂದು ಪಾಠವೂ ಇದೆ. ಡಯಾಲಿಸಿಸ್ ರೋಗಿಗಳ ನೀರನ್ನು ಬಿ ಗೆರೆ ಎಣಿಸಿ ತೆಗೆದು ಯುರೋಪಿನಲ್ಲಿ ದೊಡ್ಡ ಅಧ್ಯಯನ ಮಾಡಿದರು. ಶ್ವಾಸಕೋಶ ಒಣಗಿತು, ಸಾವು, ಹೃದಯಾಘಾತಗಳನ್ನು ಕೂಡಿಸಿ ನೋಡಿದ ಲೆಕ್ಕದಲ್ಲಿ ಗಟ್ಟಿ ವ್ಯತ್ಯಾಸ ಕಾಣಲಿಲ್ಲ. ಈ ಪ್ರೋಬ್ ಹಿಡಿದರೆ ಬಂದವರೆಲ್ಲ ಬದುಕುತ್ತಾರೆ ಎಂದು ಯಾರಾದರೂ ಹೇಳಿದರೆ, ಮಷೀನ್ ಮಾರಲು ಬಂದವನಿರಬೇಕು.

ಕಡೆಯದು ಚೀಟಿ. ಎಷ್ಟೇ ಮಾಡಿದರೂ ಒಂದು ರಾತ್ರಿ ನೀನು 108 ಕರೆಸಿ ರೋಗಿಯನ್ನು ರಾಯಚೂರಿನ ರಿಮ್ಸ್‌ಗೆ ಕಳಿಸಲೇಬೇಕಾಗುತ್ತದೆ. ನಾನು ರಾಯಚೂರಿನಲ್ಲಿ ಇಳಿಸಿಕೊಂಡ ಎಷ್ಟೋ ರೋಗಿಗಳ ಚೀಟಿಯಲ್ಲಿ ಬಿಪಿ ಇರುತ್ತಿತ್ತು, ಕೊಟ್ಟ ಇಂಜೆಕ್ಷನ್ ಇರುತ್ತಿತ್ತು, ಎಷ್ಟು ಬಾಟ್ಲಿ ಹೋಗಿದೆ ಎನ್ನುವುದು ಇರುತ್ತಿರಲಿಲ್ಲ. ಜೊತೆಗೆ ಬಂದವರನ್ನು ಕೇಳಿದರೆ ‘ಬಾಳ ಹಚ್ಯಾರ್ರಿ’ ಎನ್ನುತ್ತಿದ್ದರು, ತೃಪ್ತಿಯಿಂದ. ಅಲ್ಲಿ ಬಿಪಿ ಬಿತ್ತು ಎಂದು ಎರಡು, ಗಾಡಿಯಲ್ಲಿ ಒಂದು, ಇಲ್ಲಿ ಗೊತ್ತಿಲ್ಲದೆ ನಾವು ಮತ್ತೆರಡು. ನಿನ್ನ ಚೀಟಿಯಲ್ಲಿ ಒಟ್ಟು ಎಂಎಲ್ ಬರೆ, ಯಾವ ದ್ರಾವಣ ಬರೆ, ಶುರುವಿನಲ್ಲಿ ಎದೆ ಹೇಗಿತ್ತು, ಗಾಡಿ ಹತ್ತಿಸುವಾಗ ಹೇಗಿತ್ತು, ಎಷ್ಟು ಗಂಟೆಗೆ ಎಂದು ಬರೆ. ಬಲ, ಎಡ ಬೇರೆ ಬೇರೆ. ಗಾಡಿಯ ಹುಡುಗನಿಗೂ ಬಾಯಿಬಿಟ್ಟು ಹೇಳು, ಇನ್ನು ಹಚ್ಚಬೇಡ ಎಂದು.

ಮೊದಲ ತಿಂಗಳು ನೋಡಿದ ಎದೆಗಳ ವಿಡಿಯೊ, ಹೆಸರು ಅಳಿಸಿ, ನನಗೆ ಕಳಿಸು. ರಾತ್ರಿಯಾದರೆ ಕಳಿಸಿ ಸುಮ್ಮನಿರಬೇಡ, ಫೋನ್ ಮಾಡು. ಕನ್ನಡಕ ಹುಡುಕಲು ನನಗೆ ಒಂದು ನಿಮಿಷ ಬೇಕಾಗುತ್ತದೆ.